ಬೀಗತಿಗೆ ತೆಗೆಯದ ಬಾಗಿಲು

ಅಕ್ಕನ ದವಡೆ ಹಲ್ಲು ಕೀಳಿಸದೆ ಬೇರೆ ದಾರಿಯಿಲ್ಲ ಎಂದು ತೀರ್ಮಾನವಾದ ಮೇಲೆ, ಅಷ್ಟು ಹೊತ್ತು ಕೂಸನ್ನು ನೋಡಿಕೊಳ್ಳುವ ಕೆಲಸ ರಾಜಶ್ರೀಯ ಪಾಲಿಗೆ ಬಂತು. ಅವಳಿಗೆ ಹದಿಮೂರು ವರ್ಷ. ಈ ಕೆಲಸಕ್ಕೆ ಅವಳು ತರಬೇತಿ ಪಡೆದಿದ್ದಳು. ಕೂಸು ನೋಡಿಕೊಳ್ಳಲು ತರಬೇತಿ ಪಡೆದವರು ಸಾಂಬ್ರಾಣಿ ಎಂಬ ಅವರ ಊರಲ್ಲಿ ಅವಳಿಗಿಂತ ಮುಂಚೆ ಯಾರೂ ಇದ್ದಂತಿಲ್ಲ. ಅಲ್ಲಿಯವರೆಗೆ ಆ ಊರಲ್ಲಿ ಕೂಸುಗಳನ್ನು ನೋಡಿಕೊಂಡವರೆಲ್ಲ ಹಾಗೆಯೇ ನೋಡಿಕೊಂಡಿದ್ದರು.

ತರಬೇತಿ ನಡೆದದ್ದು ಹಳಿಯಾಳದ ಒಂದು ಶಾಲೆಯಲ್ಲಿ, ಬೇಸಿಗೆ ರಜೆ ಶುರುವಾದ ಹೊಸತರಲ್ಲಿ. ಕಲಿಸಿದವಳ ಹೆಸರು ಕಾಜಲ್. ಮುಂಡಗೋಡ ಕಡೆಯ ತಾಂಡಾದವಳು, ನರ್ಸಿಂಗ್ ಮುಗಿಸಿದವಳು. ಅಪ್ಪ ಅವ್ವ ಕಬ್ಬು ಕಡಿಯಲು ಪರಊರಿಗೆ ಹೋದಾಗಲೆಲ್ಲ ಮನೆಯಲ್ಲಿ ತಮ್ಮ ತಂಗಿಯರನ್ನು ಸಾಕಿದ್ದು ಅವಳೇ. "ನನಗ ಯಾರೂ ಹೇಳಿಕೊಟ್ಟಿರಲಿಲ್ಲ. ಹಂಗಾಗಿ ನಿಮಗ ಹೇಳಿಕೊಡಾಕ ಬಂದೇನಿ" ಎಂದಷ್ಟೇ ಹೇಳಿ ಅವಳು ನೇರ ಪಾಠಕ್ಕಿಳಿದಳು. ಅವಳ ಹತ್ತಿರ ಒಂದು ಪ್ಲಾಸ್ಟಿಕ್ ಗೊಂಬೆ ಇತ್ತು. ಅದಕ್ಕೆ ಒಂದು ಕೈ ಇರಲಿಲ್ಲ. ಆ ಗೊಂಬೆಯ ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡಿದೆ ಎಂದು ತಿಳಿದುಕೊಂಡು ಮಕ್ಕಳೆಲ್ಲ ಸರದಿಯಂತೆ ಅದನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದರು. ಯಾರು ಬಡಿದರೂ ಗೊಂಬೆಯ ಮುಖ ಒಂದೇ ತರ ನಗುತ್ತಿತ್ತು.

ದೊಡ್ಡವರಿಲ್ಲದಾಗ ಗ್ಯಾಸು ಹಚ್ಚಬಾರದು. ಗ್ಯಾಸಿನ ವಾಸನೆ ಬಂದರೆ ಕರೆಂಟಿನ ಯಾವ ಬಟನ್ನನ್ನೂ ಮುಟ್ಟಬಾರದು, ಬಾಗಿಲು ಕಿಟಕಿ ತೆಗೆದು ಕೂಸಿನ ಸಮೇತ ಹೊರಗೆ ಬರಬೇಕು. ಸುಟ್ಟರೆ ತಣ್ಣೀರು. ಮನೆಯಲ್ಲಿ ಒಬ್ಬರೇ ಇದ್ದೇವೆ ಎಂದು ಯಾರಿಗೂ ಹೇಳಬಾರದು. ಯಾರು ಬಂದು ಬಾಗಿಲು ಬಡಿದರೂ ತೆಗೆಯಬಾರದು.

"ಗುರ್ತಿನವ್ರು ಬಂದ್ರ?" ಎಂದು ಯಾರೋ ಕೇಳಿದರು.

"ಇವತ್ತ ಇಂಥವ್ರು ಬರ್ತಾರ ಅಂತ ಮನ್ಯಾಗ ಹೇಳಿ ಹೋಗಿದ್ರ ತಗೀರಿ. ಇಲ್ಲಂದ್ರ ಗುರ್ತಿನವ್ರಿಗೂ ಇಲ್ಲ" ಎಂದಳು ಕಾಜಲ್. ಅದನ್ನು ಹೇಳುವಾಗ ಅವಳು ನಗಲಿಲ್ಲ. ಮಿಕ್ಕ ಪಾಠದಲ್ಲಿ ಆಗಾಗ ನಕ್ಕಿದ್ದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ರಾಜಶ್ರೀ ಕಲಿತದ್ದನ್ನೆಲ್ಲ ಮನೆಯವರಿಗೆ ಒಪ್ಪಿಸಿದಳು. ಅಪ್ಪ ರುದ್ರೇಶ ಗೋವಿನಜೋಳದ ವ್ಯಾಪಾರಿ. ಊಟದ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುವವನು. ಅವ್ವ ನೀಲಕ್ಕ ನಡುನಡುವೆ "ಹೌದೇನ" ಅನ್ನುತ್ತಿದ್ದಳು. ಅಕ್ಕ ದ್ರಾಕ್ಷಾಯಣಿ ಮಾತ್ರ ಗಮನವಿಟ್ಟು ಕೇಳುತ್ತಿದ್ದಳು. "ಸುಟ್ರ ತಣ್ಣೀರು ಹಾಕ್ಕೋತ ಇರಬೇಕು. ಪೇಸ್ಟ್ ಹಚ್ಚಬಾರದು, ಇಂಕ್ ಹಚ್ಚಬಾರದು" ಎಂದು ರಾಜಶ್ರೀ ಹೇಳುತ್ತಿದ್ದ ಹಾಗೆ ದ್ರಾಕ್ಷಾಯಣಿ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಹೋದಳು. ನೀಲಕ್ಕ ಕಿರಿಮಗಳ ಕಡೆ ಒಂದು ನೋಟ ಬೀರಿದಳು. ರಾಜಶ್ರೀ ಸುಡುವ ವಿಷಯ ಬಿಟ್ಟು ಶೇಂಗಾದ ವಿಷಯಕ್ಕೆ ಹೋದಳು.

ದ್ರಾಕ್ಷಾಯಣಿ ಗಂಡನ ಮನೆ ಬಿಟ್ಟು ಬಂದು ಮೂರು ತಿಂಗಳಾಗುತ್ತ ಬಂದಿತ್ತು. ಬಂದ ಕಾರಣ ಕೂಸಿನ ಎಡಗೈ ಮೇಲಿತ್ತು. ಮುಂಡಗೋಡ ಹತ್ತಿರದ ಆ ಮನೆಯಲ್ಲಿ ಒಲೆ ನೆಲದ ಮೇಲಿತ್ತು. ಅಂಬೆಗಾಲಿಡುತ್ತ ಹೋದ ಕೂಸು ಚಹಾದ ಪಾತ್ರೆ ಎಳೆದುಕೊಂಡಿತು. ಅತ್ತೆ ಸುಶೀಲವ್ವ ಸುಟ್ಟ ಕೈಗೆ ದಪ್ಪವಾಗಿ ಟೂತ್‌ಪೇಸ್ಟ್ ಮೆತ್ತಿದಳು. ಗಾಯ ಕೀವಾಗಿ, ಜ್ವರ ಬಂದು, ದವಾಖಾನೆಗೆ ಅಡ್ಡಾಡಿ ವಾಸಿಯಾಗುವುದರೊಳಗೆ ಅತ್ತೆ ಸೊಸೆ ಮಾತು ಬಿಟ್ಟಿದ್ದರು. "ಕೂಸು ಅಂದಮ್ಯಾಲ ಬೀಳತಾವ, ಸುಟ್ಕೋತಾವ. ನಾ ಏನ ನಾಕ ಹಡದಿಲ್ಲೇನ?" ಎಂದಿದ್ದಳು ಸುಶೀಲವ್ವ. ದ್ರಾಕ್ಷಾಯಣಿ ಒಂದು ಚೀಲಕ್ಕೆ ಬಟ್ಟೆ ತುಂಬಿ ಬಸ್ಸು ಹತ್ತಿದ್ದಳು. ಗಂಡ ಶರಣಬಸವ ದಿನಾಲೂ ಫೋನು ಮಾಡುತ್ತಿದ್ದ. ಮಾಡಿ, ತಮ್ಮ ಊರ ಕಡೆ ಬಿಸಿಲು ಹೇಗಿದೆ ಎಂದು ಹೇಳುತ್ತಿದ್ದ.

ಕೂಸಿನ ಹೆಸರು ಉಳವಪ್ಪ. ತೀರಿಹೋದ ಅಜ್ಜನ ಹೆಸರು. ಸುಶೀಲವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲವಾದ್ದರಿಂದ ಮೊಮ್ಮಗನನ್ನು ಸಣ್ಣಪ್ಪ ಎಂದು ಕರೆಯುತ್ತಿದ್ದಳು.

ಗುಪ್ತ ಪದದ ವಿಚಾರವೂ ಅದೇ ಊಟದಲ್ಲಿ ಇತ್ಯರ್ಥವಾಯಿತು. ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ ಇರಬೇಕು, ಅವ್ವ ಅಪ್ಪ ಯಾರನ್ನಾದರೂ ಕಳಿಸಿದರೆ ಅವರು ಬಂದು ಆ ಪದ ಹೇಳಬೇಕು ಎಂದು ಕಾಜಲ್ ಕಲಿಸಿದ್ದಳು. ನೀಲಕ್ಕ "ಓಂ ನಮಃ ಶಿವಾಯ" ಅಂದಳು.

"ಅದು ಊರಿಗೆಲ್ಲಾ ಗೊತ್ತೈತಿ ಯವ್ವಾ."

ರುದ್ರೇಶ ತಾಟಿನಿಂದ ತಲೆಯೆತ್ತದೆ "ಗಿರ್ಮಿಟ್" ಎಂದ. ಚುರುಮುರಿಗೆ ಉಳ್ಳಾಗಡ್ಡಿ, ಖಾರ ಕಲೆಸಿ ಮಾಡುವ ಆ ತಿಂಡಿ ಅವನಿಗೆ ಅಷ್ಟೇನೂ ಸೇರುತ್ತಿರಲಿಲ್ಲ. ಯಾಕೆ ಅದೇ ಪದ ಎಂದು ಯಾರೂ ಕೇಳಲಿಲ್ಲ. ಗಿರ್ಮಿಟ್ ಎಂದೇ ಆಯಿತು.

ಹಲ್ಲಿನ ದಿನ ರುದ್ರೇಶ ಮಾಲು ನೋಡಲು ಜೋಯಿಡಾ ಕಡೆ ಹೋಗಿದ್ದ. ನೀಲಕ್ಕ, ದ್ರಾಕ್ಷಾಯಣಿ ಹಳಿಯಾಳದ ಟಂಟಂ ಹತ್ತುವ ಮುಂಚೆ ಒಬ್ಬರಾದ ಮೇಲೆ ಒಬ್ಬರು ಅದದೇ ಮಾತು ಹೇಳಿದರು. ಹಾಲು ಥರ್ಮಾಸಿನಲ್ಲಿದೆ. ಅನ್ನ ಸಾರು ಕಲೆಸಿಟ್ಟಿದೆ. ಗ್ಯಾಸು ಹಚ್ಚಬೇಡ.

"ಇವತ್ತ ಯಾರರ ಬರಾವ್ರದಾರೇನ?" ಎಂದು ರಾಜಶ್ರೀ ತರಬೇತಿಯ ಪ್ರಕಾರ ಕೇಳಿದಳು.

"ನಮ್ಮನಿಗೆ ಯಾರ ಬರ್ತಾರವ್ವಾ ಈ ಬಿಸಲಾಗ" ಎಂದಳು ನೀಲಕ್ಕ.

ರಾಜಶ್ರೀ ಒಳಗಿನಿಂದ ಚಿಲಕ ಹಾಕಿಕೊಂಡಳು. ಶೇಂಗಾ ಡಬ್ಬಿಯನ್ನು ಗೋಡೆಯ ಮಾಡದೊಳಗೆ ಎತ್ತರದಲ್ಲಿಟ್ಟಳು. ಹಿತ್ತಲ ಬಾಗಿಲು ನೋಡಿದಳು, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ಟನ್ನು ಖಾಲಿ ಮಾಡಿದಳು. ಉಳವಪ್ಪ ಗೋಡೆ ಹಿಡಿದುಕೊಂಡು ನಡೆಯುತ್ತ ಅವಳ ಹಿಂದೆಯೇ ಬಂದು ಇದನ್ನೆಲ್ಲ ನೋಡಿದ. ಗೊಂಬೆಗಿಂತ ಇವನು ಕಷ್ಟ ಎಂದು ರಾಜಶ್ರೀಗೆ ಬೇಗ ತಿಳಿಯಿತು. ಗೊಂಬೆ ಇಟ್ಟ ಕಡೆ ಇರುತ್ತಿತ್ತು.

ಬಿಸಿಲು ಏರುವ ಹೊತ್ತಿಗೆ ಮನೆಯ ಮುಂದೆ ಒಂದು ಓಮ್ನಿ ಬಂದು ನಿಂತಿತು. ಸುಶೀಲವ್ವ ಇಳಿದಳು. ಹಣೆಗೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕೈಯಲ್ಲಿ ಬುಟ್ಟಿ. ಡ್ರೈವರ್ ಸೀಟಿನಿಂದ ಅವಳ ತಮ್ಮ ಸೋಮಪ್ಪ ಇಳಿದ. ಅವನು ಅಕ್ಕ ಹೇಳಿದ ಕಡೆ ಗಾಡಿ ಹೊಡೆಯುವವನು, ಹೇಳದಿದ್ದರೆ ನಿಲ್ಲುವವನು.

"ನೀಲಕ್ಕಾ! ಯಾರದೀರಿ ಒಳಗ?"

ರಾಜಶ್ರೀ ಕೂಸನ್ನು ಸೊಂಟಕ್ಕೇರಿಸಿ ಕಿಟಕಿಗೆ ಬಂದಳು. "ನಾನದೇನ್ರಿ, ಅತ್ತಿ."

"ನಿಮ್ಮವ್ವ ಎಲ್ಲೆ?"

"ಜಳಕಾ ಮಾಡಾಕತ್ತಾಳ್ರಿ."

"ಮಾಡ್ಲಿ. ನಿಮ್ಮಕ್ಕ?"

"ಅಕ್ಕಾನೂ ಜಳಕಾ ಮಾಡಾಕತ್ತಾಳ್ರಿ."

ಸುಶೀಲವ್ವ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಇಬ್ರೂ ಕೂಡೇ?"

"ಹೌದ್ರಿ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ರಾಜಶ್ರೀಯ ಕಿವಿ ಕೆಂಪಾಯಿತು. ಸುಶೀಲವ್ವ ಕಟ್ಟೆ ಹತ್ತಿ ಕಿಟಕಿಯ ಹತ್ತಿರ ಬಂದು ಸರಳಿನೊಳಗಿಂದ ಮೊಮ್ಮಗನನ್ನು ನೋಡಿದಳು. ಉಳವಪ್ಪ ಅವಳನ್ನು ನೋಡಿ ರಾಜಶ್ರೀಯ ಹೆಗಲಲ್ಲಿ ಮುಖ ಹುದುಗಿಸಿದ. ಮೂರು ತಿಂಗಳಲ್ಲಿ ಅವನು ಅಜ್ಜಿಯನ್ನು ಮರೆತಿದ್ದ.

"ನೀ ಒಬ್ಬಾಕೇ ಅದಿ" ಎಂದಳು ಸುಶೀಲವ್ವ.

"ಅದನ್ನ ಹೇಳೂಹಂಗಿಲ್ರಿ."

"ಬಾಗ್ಲಾ ತಗಿ."

"ತಗಿಯಾಕ ಬರೂದಿಲ್ರಿ."

"ಯಾಕ, ಕೀಲಿ ಕೆಟ್ಟೈತೇನ?"

"ಇಲ್ರಿ, ಕೀಲಿ ಚಲೋ ಐತಿ."

"ನಾ ಯಾರು ಅಂತ ಗೊತ್ತೈತಿಲ್ಲ ನಿನಗ?"

"ಗೊತ್ತೈತ್ರಿ. ನಮ್ಮಕ್ಕನ ಅತ್ತಿ, ಸುಶೀಲವ್ವಾರು. ಅವರು ಸೋಮಪ್ಪ ಕಾಕಾ. ಗುರ್ತಿನವ್ರಿಗೂ ತಗೀಬಾರದು ಅಂತ ಹೇಳ್ಯಾರ್ರಿ."

"ಯಾರ ಹೇಳ್ಯಾರ? ನಿಮ್ಮವ್ವ ಹೇಳ್ಯಾಳೇನ?"

"ಇಲ್ರಿ, ಕಾಜಲ್ ಮ್ಯಾಡಮ್ಮಾರು. ನಿಮ್ಮ ಮುಂಡಗೋಡದವ್ರರಿ."

ಸುಶೀಲವ್ವ ತಮ್ಮನ ಕಡೆ ತಿರುಗಿದಳು, ಇದರಲ್ಲಿ ಅವನದೇನೋ ತಪ್ಪಿದೆ ಎಂಬಂತೆ. ಸೋಮಪ್ಪ ಟಯರು ನೋಡತೊಡಗಿದ.

ರಾಜಶ್ರೀ ತನಗೆ ಬಿಟ್ಟುಹೋಗಿದ್ದ ಹಳೆಯ ಫೋನಿನಿಂದ ಅವ್ವನಿಗೆ ಹಚ್ಚಿದಳು. ಅವ್ವನ ಫೋನು ದೇವರ ಮಾಡದ ಹತ್ತಿರ ಚಾರ್ಜಿಗಿಟ್ಟಲ್ಲೇ ಹೊಡೆದುಕೊಂಡಿತು. ಅಕ್ಕ ಎತ್ತಲಿಲ್ಲ; ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿರಬೇಕು. ಅಪ್ಪ ಕಾಡಿನ ನಡುವೆ ಎಲ್ಲಿಯೋ ನೆಟ್‌ವರ್ಕ್ ಇಲ್ಲದಲ್ಲಿದ್ದ. ಅವಳು ಮತ್ತೆ ಕಿಟಕಿಗೆ ಬಂದಳು. ಏನಾದರೂ ದಾರಿ ಮಾಡಿಕೊಡಬೇಕು ಅನ್ನಿಸಿತು.

"ಗುಪ್ತ ಪದ ಹೇಳಿದ್ರ ತಗೀತೇನ್ರಿ, ಅತ್ತಿ."

"ಏನ ಪದ ಅದು?"

"ನೀವ ಹೇಳಬೇಕ್ರಿ ಅದನ್ನ."

ಸುಶೀಲವ್ವ ತನ್ನ ಜೀವಮಾನದಲ್ಲಿ ಯಾರ ಮನೆ ಮುಂದೆಯೂ ನಿಂತು ಒಗಟು ಬಿಡಿಸಿದವಳಲ್ಲ. ಆದರೆ ಬಿಸಿಲಿತ್ತು, ಮುಂಡಗೋಡದಿಂದ ಬಂದ ದಣಿವಿತ್ತು. "ಬಸವಣ್ಣ" ಅಂದಳು.

"ಅಲ್ರಿ."

"ಉಳವಿ ಚನ್ನಬಸವಣ್ಣ."

"ಅಲ್ರಿ."

"ಪಂಚಾಕ್ಷರಿ ಮಂತ್ರ."

"ಅದನ್ನ ಅವ್ವ ಹೇಳಿದ್ಲರಿ, ಬ್ಯಾಡಂತ ಬಿಟ್ವಿ."

"ಮಾನ ಮರ್ಯಾದಿ" ಎಂದಳು ಸುಶೀಲವ್ವ. ಅದು ಊಹೆಯೋ ಬೈಗಳವೋ ರಾಜಶ್ರೀಗೆ ತಿಳಿಯಲಿಲ್ಲ. ಎರಡಕ್ಕೂ ಹೊಂದುವ ಹಾಗೆ "ಅಲ್ರಿ" ಅಂದಳು.

ಸುಶೀಲವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತಮ್ಮನ ಮೇಲೆ ಹರಿಹಾಯ್ದಳು. "ಹಳಿಯಾಳದಾಗ ನಿಂದ್ರಸು ಅಂದ್ನಿ. ಒಂದ ಪ್ಲೇಟ ಗಿರ್ಮಿಟ್ ಆದ್ರೂ ತಿನ್ನೂಣು ಅಂದ್ನಿ. ಬೀಗರ ಮನ್ಯಾಗ ಊಟಾನ ಹಾಕ್ತಾರ ಅಂದಿ. ಹಾಕಿದ್ರ ನೋಡ ಊಟಾ!"

ಕಿಟಕಿಯೊಳಗೆ ರಾಜಶ್ರೀ ಬಾಗಿಲ ಕಡೆ ತಿರುಗಿದಳು. ಪದ ಹೇಳಿದ್ದಾಗಿತ್ತು. ಹೇಳಿದರೆ ತೆಗೆಯುತ್ತೇನೆ ಎಂದು ಅವಳೇ ಮಾತು ಕೊಟ್ಟಿದ್ದಳು. ಗೊತ್ತಿಲ್ಲದೆ ಹೇಳಿದವರನ್ನು ಏನು ಮಾಡಬೇಕೆಂದು ಕಾಜಲ್ ಕಲಿಸಿರಲಿಲ್ಲ. ಚಿಲಕದ ಮೇಲೆ ಕೈಯಿಟ್ಟು ಅವಳು ತುಸು ಹೊತ್ತು ಯೋಚಿಸಿದಳು. ಅತ್ತೆ ಹೇಳಿದ್ದು ತಿಂಡಿಯ ಹೆಸರು; ಅವ್ವ ಅಪ್ಪ ಕಳಿಸಿದ ಪದವಲ್ಲ. ಕೈ ತೆಗೆದಳು. ಇದನ್ನು ಅಪ್ಪನಿಗೆ ಹೇಳಿ ಪದ ಬದಲಾಯಿಸಬೇಕು ಅಂದುಕೊಂಡಳು.

ಆದರೂ ಅವಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಅಕ್ಕನ ಅತ್ತೆ, ಅದೂ ಹಸಿದವಳು, ಹೊರಗೆ ಬಿಸಿಲಿನಲ್ಲಿ ಕೂತಿದ್ದಾಳೆ. ಓಣಿಯಲ್ಲಿ ಹೋಗುವವರು ನೋಡುತ್ತಿದ್ದಾರೆ. ಒಂದು ತಂಬಿಗೆ ನೀರನ್ನು ಸರಳಿನ ನಡುವೆ ತೂರಿಸಲು ಹೋದಳು; ತಂಬಿಗೆ ತೂರಲಿಲ್ಲ. ಲೋಟದಲ್ಲಿ ಎರಡೆರಡು ಸಲ ಕೊಟ್ಟಳು. ಸುಶೀಲವ್ವ ಕುಡಿದಳು. ಆಗ ರಾಜಶ್ರೀಗೆ, ಬರೇ ನೀರು ಕೊಟ್ಟು ಕೂರಿಸುವುದು ಸರಿಯಲ್ಲ, ಒಂದು ಲೋಟ ಚಹಾ ಆದರೂ ಕೊಡಬೇಕು ಅನ್ನಿಸಿತು. ದಿನವಿಡೀ ನಿಯಮ ತಪ್ಪದ ಹುಡುಗಿ ನಿಯಮ ಮುರಿದದ್ದು ಇಲ್ಲಿ, ಬರೀ ಮರ್ಯಾದೆಗಂಜಿ. ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಗ್ಯಾಸು ಹಚ್ಚಿ ಚಹಾಕ್ಕಿಟ್ಟಳು.

ಚಹಾ ಕುದಿಯುವುದರೊಳಗೆ ಉಳವಪ್ಪ ಹೇತುಕೊಂಡ. ಅವನನ್ನು ಬಚ್ಚಲಿಗೆ ಒಯ್ದು ತೊಳೆದು, ಚಡ್ಡಿ ಹುಡುಕಿ, ಅವನು ಚಡ್ಡಿಯಿಲ್ಲದೆ ಅಂಬೆಗಾಲಲ್ಲಿ ಓಡಿ, ಅವನನ್ನು ಹಿಡಿದು ಹಾಕುವಷ್ಟರಲ್ಲಿ ಚಹಾ ಅವಳ ತಲೆಯಿಂದ ಹೋಗಿಬಿಟ್ಟಿತ್ತು. ಅದು ಉಕ್ಕಿ ಬೆಂಕಿಯ ಮೇಲೆ ಸುರಿಯಿತು, ಬೆಂಕಿ ಆರಿತು, ಗ್ಯಾಸು ಬರುತ್ತಲೇ ಇತ್ತು.

ವಾಸನೆ ಮೊದಲು ಹತ್ತಿದ್ದು ಕಿಟಕಿಯ ಹತ್ತಿರ ಕೂತ ಸುಶೀಲವ್ವನಿಗೆ. "ಏ ಹುಡುಗೀ! ಗ್ಯಾಸಿನ ವಾಸನಿ ಬರಾಕತ್ತೈತಿ ನೋಡ!"

ರಾಜಶ್ರೀ ಕೂಸನ್ನು ಬಾಚಿ ಎತ್ತಿಕೊಂಡು ಅಡುಗೆ ಕೋಣೆಯ ಬಾಗಿಲಿಗೆ ಬಂದಳು. ವಾಸನೆ ಮೂಗಿಗೆ ಬಡಿಯಿತು. ಕೈಗಳು ಬೇರೆ ಯಾರದೋ ಎಂಬಂತೆ ತಮ್ಮ ಕೆಲಸ ಮಾಡಿದವು. ಒಲೆಯ ಕಿವಿ ತಿರುವಿದವು, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದವು, ಹಿತ್ತಲ ಬಾಗಿಲನ್ನು ದೂಡಿದವು. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅದರ ಬಟನ್ ಮುಟ್ಟದೆ ದಾಟಿದಳು. ಮುಂಬಾಗಿಲಿಗೆ ಬಂದಾಗ ಒಂದು ಕ್ಷಣ ತಡೆದಳು. ತೆಗೆಯಬಾರದು ಎಂಬುದೊಂದು ಪಾಠ, ತೆಗೆಯಲೇಬೇಕು ಎಂಬುದೊಂದು. ಗ್ಯಾಸು ಸುಶೀಲವ್ವನಿಗಿಂತ ದೊಡ್ಡ ಅಪಾಯ ಎಂದು ತೀರ್ಮಾನಿಸಿ ಚಿಲಕ ತೆಗೆದಳು.

ಹೊಸ್ತಿಲಾಚೆ ಸೋಮಪ್ಪ ಬಾಯಲ್ಲಿ ಬೀಡಿ ಇಟ್ಟುಕೊಂಡು ಕಡ್ಡಿ ಗೀರಲು ಕೈ ಎತ್ತಿದ್ದ. ಅಕ್ಕ ಕೂಗುವುದು ಅವನಿಗೆ ದಿನದ ಮಾತಾಗಿದ್ದರಿಂದ ಏನು ಕೂಗಿದಳೆಂದು ಕೇಳಿಸಿಕೊಂಡಿರಲಿಲ್ಲ.

"ಏ! ಒಗಿ ಅದನ್ನ! ಬೀಡಿ ಒಗಿ!" ಎಂದು ರಾಜಶ್ರೀ ಕಿರಿಚಿದಳು.

ಸೋಮಪ್ಪ ಬೀಡಿ, ಕಡ್ಡಿ, ಪೆಟ್ಟಿಗೆ ಮೂರನ್ನೂ ಅಂಗಳಕ್ಕೆ ಒಗೆದು ಎರಡೂ ಕೈ ಮೇಲೆತ್ತಿ ನಿಂತ.

"ರೀ" ಎಂದು ರಾಜಶ್ರೀ ಆಮೇಲೆ ಸೇರಿಸಿದಳು.

ಅವಳು ಅಲ್ಲಿ ನಿಲ್ಲದೆ ರಸ್ತೆಯಾಚೆಯ ಬೇವಿನ ಗಿಡದ ಕೆಳಗೆ ಹೋಗಿ ನಿಂತಳು. ತೆರೆದ ಬಾಗಿಲನ್ನು ಕಂಡ ಸುಶೀಲವ್ವ ಕಡೆಗೂ ಒಳಗೆ ಹೋಗಲು ಸೀರೆ ಎತ್ತಿ ಹೊಸ್ತಿಲಿಗೆ ಕಾಲಿಟ್ಟಳು.

"ಅತ್ತೀ, ಒಳಗ ಹೋಗಬ್ಯಾಡ್ರಿ!"

"ಈಗ್ಯಾಕ?"

"ಈಗ ಗ್ಯಾಸ್ ತುಂಬೇತ್ರಿ. ಹೊರಗ ಹೋಗೂತನಕಾ ಯಾರೂ ಹೋಗೂಹಂಗಿಲ್ಲ. ಈ ಕಡೆ ಬರ್ರಿ."

ಸುಶೀಲವ್ವ ಕಾಲು ಹಿಂದೆ ತೆಗೆದುಕೊಂಡಳು. ಮುಂಡಗೋಡದಲ್ಲಿ ಅವಳು ಹೇಳಿದ ಮೇಲೆ ದನಗಳೂ ಮಲಗುತ್ತಿದ್ದವು, ಏಳುತ್ತಿದ್ದವು. ಈಗ ಅವಳು ಬುಟ್ಟಿ ಹಿಡಿದುಕೊಂಡು ರಸ್ತೆ ದಾಟಿ ಬಂದು ಗಿಡದ ಕೆಳಗೆ ಹುಡುಗಿ ತೋರಿಸಿದ ಕಲ್ಲಿನ ಮೇಲೆ ಕೂತಳು. ಸೋಮಪ್ಪ ಇನ್ನೂ ಅಂಗಳದಲ್ಲೇ ಇದ್ದ. ಕೈ ಇಳಿಸಬಹುದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಆಗ ರಾಜಶ್ರೀಗೆ ಅಳು ಬಂತು. ಸದ್ದಿಲ್ಲದೆ ಅತ್ತಳು. ಉಳವಪ್ಪ ಅವಳ ಮುಖ ನೋಡಿ, ಅವಳ ಮೂಗು ಹಿಡಿದು ಎಳೆದ.

"ಅಳಬ್ಯಾಡ" ಎಂದಳು ಸುಶೀಲವ್ವ. "ಏನ ಇಟ್ಟಿದ್ದಿ ಒಲಿ ಮ್ಯಾಲೆ?"

"ಚಾ ರಿ."

"ಯಾರಿಗೆ?"

"ನಿಮಗ."

ಸುಶೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಕೊಡ ಇಲ್ಲೆ ಕೂಸಿನ್ನ, ನೀ ಕಣ್ಣ ಒರಸ್ಕೊ" ಎಂದು ಕೈ ಚಾಚಿದಳು.

ರಾಜಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. "ಅಕ್ಕನ್ನ ಕೇಳಬೇಕ್ರಿ."

"ನನ್ನ ಮೊಮ್ಮಗನ್ನ ಎತಗೋಳಾಕ ನಾ ಕೇಳಬೇಕ?"

"ನಂಗ ಒಪ್ಪಿಸಿ ಹೋಗ್ಯಾಳ್ರಿ ಅಕ್ಕ. ಆಕಿ ಬಂದ ಮ್ಯಾಲ ಆಕೀನ್ನ ಕೇಳ್ರಿ."

ಚಾಚಿದ ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು, ಮಡಿಲಿಗೆ ಮರಳಿದವು. ಉಳವಪ್ಪನ ಎಡಗೈ ರಾಜಶ್ರೀಯ ಹೆಗಲ ಮೇಲಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಬೇರೆ ಬಣ್ಣದ್ದು, ನೀರಿಳಿದ ಕೆಸರಿನ ಹಾಗೆ ಸುಕ್ಕಾದದ್ದು. ಸುಶೀಲವ್ವ ಅದನ್ನೇ ನೋಡುತ್ತ ಕೂತಳು. ಆಮೇಲೆ, ಇನ್ನಾರದೋ ಮನೆಯ ವಿಷಯ ಕೇಳುವವಳಂತೆ ಕೇಳಿದಳು.

"ಆ ಮುಂಡಗೋಡದಾಕಿ, ಸುಟ್ರ ಏನ ಹಚ್ಚಬೇಕಂತ ಹೇಳ್ಯಾಳ?"

"ನೀರ್ರಿ. ತಣ್ಣಂದು. ಬಾಳೊತ್ತನಕಾ ಹಾಕ್ಕೋತ ಇರಬೇಕ್ರಿ."

"ಬರೇ ನೀರ?"

"ಬರೇ ನೀರ್ರಿ. ಆಮ್ಯಾಲ ದವಾಖಾನಿಗೆ."

"ನೀರು ನಮ್ಮನ್ಯಾಗ ಇತ್ತು" ಎಂದಳು ಸುಶೀಲವ್ವ. "ಹಂಡೆ ತುಂಬ ಇತ್ತು."

ಹೀಗೆ ಕೂತವರಿಗೆ ಏನು ಹೇಳಬೇಕೆಂಬುದು ತರಬೇತಿಯಲ್ಲಿರಲಿಲ್ಲ. ರಾಜಶ್ರೀ ಅತ್ತೆಯ ಪಕ್ಕದ ಕಲ್ಲಿನ ಮೇಲೆ, ಕೈಗೆ ಎಟುಕದಷ್ಟು ದೂರದಲ್ಲಿ ಕೂತಳು.

"ನೀ ಬಾಗ್ಲಾ ತಗದಿದ್ರ," ಸುಶೀಲವ್ವ ಓಮ್ನಿಯ ಕಡೆ ನೋಡುತ್ತ ಹೇಳಿದಳು, "ಇವನ್ನ ಎತಗೊಂಡು ಹೋಗಿಬಿಡ್ತಿದ್ನಿ. ಹಂಗಂತ ಮನಸಿನ್ಯಾಗ ಮಾಡ್ಕೊಂಡ ಬಂದಿದ್ನಿ. ಕೂಸು ಹ್ವಾದ್ರ ತಾಯಿ ಹಿಂದ ಬರತಾಳ, ಎಲ್ಲಿ ಹೋಗ್ತಾಳ ಅಂತ."

ರಾಜಶ್ರೀ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬಾಗಿಲು ತೆಗೆಯದಿರುವುದು ಕಳ್ಳರಿಗಾಗಿ ಎಂದು ಅವಳು ಇಷ್ಟು ಹೊತ್ತೂ ತಿಳಿದಿದ್ದಳು. ಅತ್ತೆಯ ವಿಷಯದಲ್ಲಿ ಅದು ಬರೀ ನಿಯಮಕ್ಕಾಗಿ ಎಂದುಕೊಂಡಿದ್ದಳು.

"ಈಗರ ಒಯ್ತೀರೇನ್ರಿ?" ಎಂದು ಕೇಳಿದಳು.

"ಹೆಂಗ ಒಯ್ಯಲಿ? ನೀ ಕೊಡವಲ್ಲಿ."

ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸುಶೀಲವ್ವ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿದು, ರಾಜಶ್ರೀಯ ಕಡೆ ಚಾಚಿದಳು. "ಇದನ್ನರ ಕೊಡಬಹುದೇನ ಅವಗ?"

"ಸಣ್ಣ ಸಣ್ಣ ತುಣುಕು ಮಾಡಿ ಕೊಡಬಹುದ್ರಿ."

ಸುಶೀಲವ್ವ ತುಣುಕು ಮಾಡಿ ಕೊಟ್ಟಳು. ರಾಜಶ್ರೀ ಅದನ್ನು ಇನ್ನೂ ಸಣ್ಣಗೆ ಮಾಡಿ ಕೂಸಿನ ಬಾಯಿಗಿಟ್ಟಳು. ಉಳವಪ್ಪ ತಿಂದು, ಹಣ್ಣು ಎಲ್ಲಿಂದ ಬರುತ್ತಿದೆ ಎಂದು ಸುತ್ತ ನೋಡಿ, ಸುಶೀಲವ್ವನನ್ನು ಕಂಡುಹಿಡಿದ. ಆಮೇಲೆ ಅವನು ಅವಳ ಕೈಯನ್ನು ಬಿಟ್ಟು ಬೇರೆ ಕಡೆ ನೋಡಲಿಲ್ಲ.

ನೀಲಕ್ಕ, ದ್ರಾಕ್ಷಾಯಣಿ ಟಂಟಂನಿಂದ ಇಳಿದಾಗ ಕಂಡ ನೋಟ ಇದು: ಬಾಗಿಲು ಹಾರುಹೊಡೆದ ಮನೆ, ಅಂಗಳದಲ್ಲಿ ಸೋಮಪ್ಪ, ಗಿಡದ ಕೆಳಗೆ ಬೀಗತಿ, ರಾಜಶ್ರೀ, ಕೂಸು. ನೀಲಕ್ಕನ ಕೈಯಿಂದ ಚೀಲ ಜಾರಿತು.

"ಬೀಗತ್ಯಾರ! ಯಾವಾಗ ಬಂದ್ರಿ? ಹೊರಗ್ಯಾಕ ಕುಂತೀರಿ?"

"ಒಳಗ ಸೆಕಿ ಅಂತ ಹೊರಗ ಕುಂತೇವ್ರಿ" ಎಂದಳು ಸುಶೀಲವ್ವ.

"ಇಲ್ಲವ್ವಾ, ಗ್ಯಾಸ್ ಸೋರಿತ್ತು" ಎಂದಳು ರಾಜಶ್ರೀ. "ನಾ ಚಾಕ್ಕ ಇಟ್ಟಿದ್ನಿ. ಅದಕ್ಕೂ ಮದ್ಲ ಅತ್ತ್ಯಾರಿಗೆ ಬಾಗ್ಲಾ ತಗದಿರಲಿಲ್ಲ."

ಸುಶೀಲವ್ವ, ತನ್ನ ಸಹಾಯ ಬೇಡವಾದವರನ್ನು ನೋಡುವ ಹಾಗೆ ಹುಡುಗಿಯನ್ನು ನೋಡಿದಳು. ನೀಲಕ್ಕನ ಮುಖ ಒಮ್ಮೆ ಬಿಳಿಚಿ, ಒಮ್ಮೆ ಕೆಂಪಾಯಿತು. ಬೀಗತಿಗೆ ಬಾಗಿಲು ತೆಗೆಯದ್ದಕ್ಕೆ ಬೈಯಬೇಕೋ, ಗ್ಯಾಸು ಹಚ್ಚಿದ್ದಕ್ಕೆ ಬಡಿಯಬೇಕೋ, ಮಕ್ಕಳಿಬ್ಬರೂ ಉಳಿದದ್ದಕ್ಕೆ ಅಪ್ಪಿಕೊಳ್ಳಬೇಕೋ ತೀರ್ಮಾನವಾಗದೆ ಅವಳು ಒಳಗೆ ಹೋಗಿ ಗ್ಯಾಸಿನ ಕಿವಿಯನ್ನು ಇನ್ನೊಮ್ಮೆ ತಿರುವಿ ಬಂದಳು.

ದ್ರಾಕ್ಷಾಯಣಿಯ ಒಂದು ಕೆನ್ನೆ ಉಬ್ಬಿತ್ತು. ಬಾಯೊಳಗೆ ಅರಳೆ ಇತ್ತು. ಸಂಜೆತನಕ ಮಾತಾಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆಯನ್ನು ನೋಡಿದ ಕೂಡಲೇ ಅವಳ ಕಣ್ಣು ಓಮ್ನಿಗೆ ಹೋಯಿತು, ಅಲ್ಲಿಂದ ಕೂಸಿಗೆ ಬಂತು. ಮೂರು ತಿಂಗಳಿಂದ ಅವಳು ಅತ್ತೆಗೆ ಹೇಳಬೇಕೆಂದು ಕೂಡಿಸಿಟ್ಟ ಮಾತುಗಳಿದ್ದವು. ರಾಜಶ್ರೀಗೆ ಅವು ಗೊತ್ತಿದ್ದವು. ಎಷ್ಟೋ ಸಲ ಹಾಸಿಗೆಯಲ್ಲಿ ಕೇಳಿದ್ದಳು. ಅವುಗಳಲ್ಲಿ ಒಂದನ್ನೂ ಹೇಳುವಂತಿರಲಿಲ್ಲ.

ಸುಶೀಲವ್ವ ಎದ್ದು ನಿಂತಳು. ಸೊಸೆ ಏನಾದರೂ ಅನ್ನಲಿ ಎಂದು ಕಾದಳು. ಸೊಸೆ ಸುಮ್ಮನೆ ನೋಡುತ್ತಿದ್ದಳು. ಹೀಗೆ ಸುಮ್ಮನೆ ನೋಡುವ ದ್ರಾಕ್ಷಾಯಣಿ ಅವಳಿಗೆ ಹೊಸಬಳು. ಜಗಳಕ್ಕೆ ತಯಾರಾಗಿ ಬಂದವಳಿಗೆ ಜಗಳ ಸಿಗದೆ, ಎತ್ತ ಹೆಜ್ಜೆ ಇಡಬೇಕೋ ತಿಳಿಯದ ಹಾಗಾಯಿತು.

"ನಿನ್ನ ತಂಗಿ ಕೊಡವಲ್ಲಳು" ಎಂದಳು ಕೊನೆಗೆ. ದನಿ ಒರಟಾಗಿತ್ತು. "ನಿನ್ನ ಕೇಳಬೇಕಂತ. ಅದಕ್ಕ ಕೇಳಾಕತ್ತೇನಿ. ಎತಗೊಳ್ಳೇನ ಕೂಸಿನ್ನ?"

ಮದುವೆಯಾಗಿ ಹೋದಂದಿನಿಂದ ಗಂಡನ ಮನೆಯಲ್ಲಿ ದ್ರಾಕ್ಷಾಯಣಿಯನ್ನು ಯಾರೂ ಏನೂ ಕೇಳಿರಲಿಲ್ಲ. ಅಡುಗೆ ಏನು ಎಂದು ಕೂಡ ಕೇಳಿರಲಿಲ್ಲ, ಹೇಳಿದ್ದರು. ಅವಳು ಕೆನ್ನೆ ಹಿಡಿದುಕೊಂಡು ನಿಂತಳು. ಕಣ್ಣಲ್ಲಿ ನೀರಾಡಿತು, ಹಲ್ಲಿನ ನೋವಿಗೂ ಇರಬಹುದು. ಆಮೇಲೆ ತಂಗಿಯ ಕಡೆ ನೋಡಿ ತಲೆಯಾಡಿಸಿದಳು.

ರಾಜಶ್ರೀ ಕೂಸನ್ನು ಕೊಟ್ಟಳು. ಉಳವಪ್ಪ ಅಜ್ಜಿಯ ಕೈಗೆ ಹೋಗಿ ಮೊದಲು ಬುಟ್ಟಿಯೊಳಗೆ ಇಣುಕಿದ, ಆಮೇಲೆ ಅವಳ ಮುಖ ನೋಡಿದ. ಸುಶೀಲವ್ವ ಅವನ ಎಡಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಮುದ್ದು ಮಾಡಲಿಲ್ಲ, ಹಾಗೇ ಹಿಡಿದುಕೊಂಡಳು.

"ಹೊಸ ತೊಗಲು ಬಂದೈತಿ" ಎಂದಳು.

"ಹ್ಞೂಂ" ಎಂದಳು ದ್ರಾಕ್ಷಾಯಣಿ ಅರಳೆಯೊಳಗಿಂದ. ಆ ದಿನ ಅತ್ತೆ ಸೊಸೆಯ ನಡುವೆ ನಡೆದ ಮಾತುಕತೆ ಅಷ್ಟೇ.

ಊಟ ಮಾಡಿಕೊಂಡು ಸುಶೀಲವ್ವ ಹೊರಟಳು. ಕೂಸನ್ನು ಸೊಸೆಯ ಕೈಗೆ ಕೊಟ್ಟೇ ಓಮ್ನಿ ಹತ್ತಿದಳು. ಹತ್ತುವಾಗ ರಾಜಶ್ರೀಯನ್ನು ಕರೆದು, ನೀನು ಕಲಿತದ್ದನ್ನು ಮುಂಡಗೋಡದಲ್ಲಿಯೂ ಕಲಿಸುತ್ತಾರೇನು, ಮುದುಕಿಯರಿಗೂ ಕಲಿಸುತ್ತಾರೇನು ಎಂದು ಕೇಳಿದಳು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದಳು ರಾಜಶ್ರೀ. ಓಮ್ನಿ ಹೋದ ಮೇಲೆ ನೀಲಕ್ಕ ಕಿರಿಮಗಳಿಗೆ ಒಂದು ಏಟು ಹಾಕಿದಳು, ಗ್ಯಾಸಿಗೆ. ಬಾ ಇಲ್ಲಿ ಎಂದು ಎಳೆದು ಅಪ್ಪಿಕೊಂಡದ್ದು ಉಳಿದದ್ದಕ್ಕೆ. ಬಾಗಿಲಿನ ವಿಷಯ ಎತ್ತಲಿಲ್ಲ.

ಕೆಲವು ದಿನ ಶರಣಬಸವ ಎಂದಿನಂತೆ ಬಿಸಿಲಿನ ಸುದ್ದಿ ಹೇಳಿದ. ಒಂದು ದಿನ ಫೋನು ಮಾಡಿದಾಗ ಹಿಂದೆ ಏನೋ ಬಡಿಯುವ ಸದ್ದು ಕೇಳಿಸುತ್ತಿತ್ತು. ಗೌಂಡಿ ಬಂದಿದ್ದಾನೆ, ಅವ್ವ ಒಲೆಗೆ ಕಟ್ಟೆ ಕಟ್ಟಿಸುತ್ತಿದ್ದಾಳೆ ಎಂದ. ಎಷ್ಟು ಎತ್ತರ ಎಂದು ದ್ರಾಕ್ಷಾಯಣಿ ಕೇಳಿದಳು. ಗೌಂಡಿ ಸೊಂಟದ ಮಟ್ಟ ಸಾಕು ಅಂದ, ಅವ್ವ ಕೇಳಲಿಲ್ಲ, ಇನ್ನೂ ಏರಿಸು ಅಂದಳು ಎಂದು ಅವನು ಹೇಳಿದ. ದ್ರಾಕ್ಷಾಯಣಿ ಫೋನಿಟ್ಟು, ಕೂಸಿನ ಬಟ್ಟೆಗಳನ್ನು ಮಡಚತೊಡಗಿದಳು. ಹೋಗುತ್ತೇನೆ ಎಂದು ಅವಳು ಹೇಳಲಿಲ್ಲ, ಮಡಚಿದಳು.

ಮಳೆ ಹಿಡಿದ ಮೇಲೆ ರಾಜಶ್ರೀ ಅಪ್ಪನ ಜೊತೆ ಅಕ್ಕನ ಮನೆಗೆ ಹೋದಳು. ಅಡುಗೆ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಕಟ್ಟೆ ಸುಶೀಲವ್ವನ ಎದೆಯ ಮಟ್ಟಕ್ಕಿತ್ತು. ಸುಶೀಲವ್ವ ಒಂದರ ಮೇಲೊಂದು ಎರಡು ಮಣೆ ಇಟ್ಟು, ಅವುಗಳ ಮೇಲೆ ಹತ್ತಿ ನಿಂತು ರೊಟ್ಟಿ ಬಡಿಯುತ್ತಿದ್ದಳು. ದ್ರಾಕ್ಷಾಯಣಿ ಕೆಳಗಿನಿಂದ ಒಂದೊಂದೇ ಹಿಟ್ಟಿನ ಉಂಡೆಯನ್ನು ಎತ್ತಿ ಕೊಡುತ್ತಿದ್ದಳು. ಉಳವಪ್ಪ ಕಟ್ಟೆಯ ಬುಡಕ್ಕೆ ಬಂದು, ಎರಡೂ ಕೈ ಮೇಲೆತ್ತಿ, ಎಟುಕದೆ, ಕುಕ್ಕರಗಾಲಲ್ಲಿ ಕೂತು ಚಮಚದಿಂದ ನೆಲ ಬಡಿದ.

"ಎತ್ತರ ಆತಲ್ರಿ, ಅತ್ತಿ" ಎಂದಳು ರಾಜಶ್ರೀ.

"ಏನೂ ಆಗಿಲ್ಲ" ಎಂದಳು ಸುಶೀಲವ್ವ, ಮೇಲಿನಿಂದ.